ಎರಡನೇ ಕೆಲಸಗಾರನನ್ನು ಹಾಕಿದರೂ ಅವಧಿ ಯಾಕೆ ಇಳಿಯುತ್ತಿಲ್ಲ?

ನೀವು ಕೇಳಿರುವುದು ಇಷ್ಟು: ಕೆಲಸಗಳ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ 8 ದಿನದ ಬಣ್ಣ ಬಳಿಯುವ ಟಾಸ್ಕ್‌ಗೆ ಒಬ್ಬ ಪೇಂಟರ್ ಇದ್ದ. ಇನ್ನೊಬ್ಬನನ್ನು ಸೇರಿಸಿದಾಗ ಅವಧಿ 4 ದಿನಕ್ಕೆ ಇಳಿಯಲಿಲ್ಲ, 8ರಲ್ಲೇ ನಿಂತಿತು. ವೆಚ್ಚ ಮಾತ್ರ ಎರಡರಷ್ಟಾಯಿತು. ಹಳೆಯ ಫೈಲ್ ಒಂದರಲ್ಲಿ ಹೀಗೇ ಮಾಡಿದಾಗ ಸರಿಯಾಗಿ 4 ಬಂದಿತ್ತು. ಜೊತೆಗೆ ಹೊರೆ ಹೆಚ್ಚಾಗಿದೆ ಎಂದು ತೋರಿಸುವ ಕೆಂಪು ಮನುಷ್ಯನ ಗುರುತು, ಲೆವೆಲ್ ಮಾಡಿದರೂ (ಟಾಸ್ಕ್‌ಗಳನ್ನು ಸರಿಸಿ ಹೊರೆ ಇಳಿಸಲು ಪ್ರಾಜೆಕ್ಟ್‌ಗೆ ಹೇಳಿದರೂ) ಹೋಗುತ್ತಿಲ್ಲ.

ಮೊದಲು ಟಾಸ್ಕ್ ಮೋಡ್ ಕಾಲಮ್ ನೋಡಿ. ಅಲ್ಲಿ ಪಿನ್ ಚಿತ್ರವಿದ್ದರೆ ಅದು ಮ್ಯಾನ್ಯುಯಲಿ ಶೆಡ್ಯೂಲ್ಡ್ ಟಾಸ್ಕ್. ನೀವು ಕೊಟ್ಟ ದಿನಾಂಕವನ್ನು ಪ್ರಾಜೆಕ್ಟ್ ತಾನಾಗಿ ಬದಲಿಸುವುದಿಲ್ಲ, ಮುಂದೆ ಹೇಳುವಂತೆ ಅವಧಿ ಅಲ್ಲಿ ತಾನಾಗಿ ಇಳಿಯುವುದೂ ಇಲ್ಲ. 2010ರ ಆವೃತ್ತಿಯಿಂದ, ಆಯ್ಕೆ ಬದಲಿಸದಿದ್ದರೆ, ಹೊಸ ಟಾಸ್ಕ್‌ಗಳೆಲ್ಲ ಹೀಗೇ ಹುಟ್ಟುತ್ತವೆ. ಎಲ್ಲವನ್ನೂ ಆಯ್ಕೆ ಮಾಡಿ ಆಟೋ ಶೆಡ್ಯೂಲ್ ಒತ್ತಿ.

ಇನ್ನು ಅಸಲು ವಿಷಯ. ಪ್ರಾಜೆಕ್ಟ್‌ಗೆ ಗೊತ್ತಿರುವುದು ಒಂದೇ ಲೆಕ್ಕ: ವರ್ಕ್ = ಡ್ಯುರೇಶನ್ × ಯೂನಿಟ್ಸ್, ಅಂದರೆ ಕೆಲಸದ ಗಂಟೆ = ಅವಧಿ × ಟಾಸ್ಕ್‌ಗೆ ಕೊಟ್ಟ ಆಳಿನ ಪಾಲು (ಪೂರ್ತಿ ಹೊತ್ತಿನ ಒಬ್ಬ 100%). ದಿನಕ್ಕೆ 8 ಗಂಟೆಯಂತೆ 8 ದಿನ, ಒಬ್ಬ ಪೇಂಟರ್ 100% ಎಂದರೆ 64 ಗಂಟೆ. ಎರಡನೆಯವನು ಬಂದಾಗ ಯೂನಿಟ್ಸ್ 200% ಆಗುತ್ತದೆ. ಆಗ ಉಳಿದೆರಡರಲ್ಲಿ ಒಂದು ಅಲುಗಲೇಬೇಕು. 64 ಗಂಟೆಯನ್ನು ಹಿಡಿದಿಟ್ಟರೆ ಅವಧಿ 4 ದಿನ. 8 ದಿನವನ್ನು ಹಿಡಿದಿಟ್ಟರೆ ಕೆಲಸ 128 ಗಂಟೆ. ಯಾವುದನ್ನು ಹಿಡಿಯಬೇಕೆಂದು ಹೇಳುವ ಗುಂಡಿಯೇ ಎಫರ್ಟ್ ಡ್ರಿವನ್: ಆನ್ ಇದ್ದರೆ ಗಂಟೆಗಳನ್ನು ಹಿಡಿಯುತ್ತದೆ, ಆಫ್ ಇದ್ದರೆ ಅವಧಿಯನ್ನು. 2007ರವರೆಗೆ ಅದು ಮೊದಲೇ ಆನ್ ಆಗಿರುತ್ತಿತ್ತು, 2010ರಿಂದ ಆಫ್. ನಿಮ್ಮ ಹಳೆಯ ಫೈಲ್ ಬೇರೆ ಉತ್ತರ ಕೊಟ್ಟದ್ದಕ್ಕೆ ಬಹುಪಾಲು ಇದೇ ಕಾರಣ.

ಟಾಸ್ಕ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋದರೆ ಆ ಗುಂಡಿ ಸಿಗುತ್ತದೆ. ಆದರೆ ಅದು ಕೆಲಸ ಮಾಡುವುದು ಮೊದಲ ನೇಮಕದ ನಂತರ ಸೇರಿಸುವವರಿಗೆ ಅಥವಾ ತೆಗೆಯುವವರಿಗೆ ಮಾತ್ರ. ಖಾಲಿ ಟಾಸ್ಕ್‌ಗೆ ಇಬ್ಬರನ್ನೂ ಒಟ್ಟಿಗೆ ಆರಿಸಿ ಅಸೈನ್ ಒತ್ತಿದರೆ, ಗುಂಡಿ ಆನ್ ಇದ್ದರೂ 8 ದಿನ, 128 ಗಂಟೆಯೇ ಬರುತ್ತದೆ. ಒಬ್ಬೊಬ್ಬರನ್ನಾಗಿ ಹಾಕಿದರೆ ಒಂದು ಉತ್ತರ, ಜೋಡಿಯಾಗಿ ಹಾಕಿದರೆ ಇನ್ನೊಂದು. ಸಾಫ್ಟ್‌ವೇರೇ ಕೆಟ್ಟಿದೆ ಎಂದು ಜನ ಬಯ್ಯುವುದು ಹೆಚ್ಚಾಗಿ ಇಲ್ಲೇ.

ಇದರಿಂದ ತಪ್ಪಿಸಿಕೊಳ್ಳಲು ನಾನು ಸೂಚಿಸುವ ದಾರಿ: ಗ್ಯಾಂಟ್ ಚಾರ್ಟ್‌ನಲ್ಲಿ (ಟಾಸ್ಕ್‌ಗಳನ್ನು ಪಟ್ಟಿಗಳಾಗಿ ತೋರಿಸುವ ನೋಟದಲ್ಲಿ) ವರ್ಕ್ ಕಾಲಮ್ ತೆರೆದು, ಯಾರನ್ನೂ ನೇಮಿಸುವ ಮೊದಲೇ ಅಲ್ಲಿ 64 ಗಂಟೆ ಬರೆಯಿರಿ. ಆಮೇಲೆ ಒಬ್ಬನನ್ನೇ ಹಾಕಿದರೂ ಇಬ್ಬರನ್ನು ಒಟ್ಟಿಗೆ ಹಾಕಿದರೂ ಪ್ರಾಜೆಕ್ಟ್ ಗಂಟೆಗಳನ್ನು ಹಂಚಿ ಅವಧಿಯನ್ನು ತಾನೇ ಕಂಡುಕೊಳ್ಳುತ್ತದೆ. ಅರ್ಧ ಹೊತ್ತಿನ ಕೆಲಸಗಾರನ ವಿಷಯದಲ್ಲೂ ಇದು ಕೈ ಹಿಡಿಯುತ್ತದೆ. ಬರೀ 2 ದಿನ ಎಂದು ಬರೆದ ಟಾಸ್ಕ್‌ಗೆ 50% ಇರುವವನನ್ನು ಹಾಕಿದರೆ ಅವಧಿ 4 ದಿನಕ್ಕೆ ಏರುವುದಿಲ್ಲ, ಕೆಲಸವೇ 8 ಗಂಟೆಗೆ ಕುಗ್ಗುತ್ತದೆ. ಮೊದಲೇ 16 ಗಂಟೆ ಬರೆದಿದ್ದರೆ 4 ದಿನ ಬರುತ್ತದೆ.

ಈ ಮೂರರಲ್ಲಿ ಯಾವುದು ಕದಲಬಾರದು ಎಂದು ಹೇಳುವ ಟಾಸ್ಕ್ ಟೈಪ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಫಿಕ್ಸ್ಡ್ ಯೂನಿಟ್ಸ್ ಮೊದಲೇ ಇರುವ ಆಯ್ಕೆ, ಸಾಮಾನ್ಯ ಕೆಲಸಕ್ಕೆ ಸಾಕು. ಫಿಕ್ಸ್ಡ್ ವರ್ಕ್‌ನಲ್ಲಿ ಎಫರ್ಟ್ ಡ್ರಿವನ್ ಯಾವಾಗಲೂ ಆನ್, ಆಫ್ ಮಾಡಲು ಬಿಡುವುದೇ ಇಲ್ಲ; ಗಂಟೆಗಳ ಅಂದಾಜು ಗಟ್ಟಿಯಾಗಿದ್ದಾಗ ಇದೇ ಒಳ್ಳೆಯದು. ಫಿಕ್ಸ್ಡ್ ಡ್ಯುರೇಶನ್ ಬೇಕಾಗುವುದು ಮೀಟಿಂಗ್, ತರಬೇತಿ, ಕಾಂಕ್ರೀಟ್ ಕ್ಯೂರಿಂಗ್‌ನಂಥವಕ್ಕೆ. ಹತ್ತು ಜನರನ್ನು ನಿಲ್ಲಿಸಿದರೂ ಕಾಂಕ್ರೀಟ್ ಬೇಗ ಗಟ್ಟಿಯಾಗುವುದಿಲ್ಲವಲ್ಲ.

ಹೆಸರುಗಳನ್ನು ರಿಸೋರ್ಸ್ ನೇಮ್ಸ್ (ಕೆಲಸಗಾರರ ಹೆಸರಿನ) ಕಾಲಮ್‌ನಲ್ಲಿ ಟೈಪ್ ಮಾಡುವ ಅಭ್ಯಾಸವಿದ್ದರೆ ಬಿಡಿ. ‘ಪೇಂಟರ್ 1’ ಬದಲು ‘ಪೇಂಟರ್1’ ಎಂದು ಬಿದ್ದರೆ ಪ್ರಾಜೆಕ್ಟ್ ತುಟಿ ಪಿಟಕ್ಕೆನ್ನದೆ ಹೊಸ ಕೆಲಸಗಾರನನ್ನೇ ಸೃಷ್ಟಿಸುತ್ತದೆ. ಅವನಿಗೆ ಕೂಲಿ ದರವಿಲ್ಲ, ಹಾಗಾಗಿ ವೆಚ್ಚ ಕಡಿಮೆ ಕಾಣುತ್ತದೆ. ಒಬ್ಬನೇ ಎರಡು ಹೆಸರಲ್ಲಿ ದುಡಿಯುವುದರಿಂದ ಹೊರೆ ಹೆಚ್ಚಾದದ್ದೂ ಗೊತ್ತಾಗುವುದಿಲ್ಲ. ಮೊದಲು ರಿಸೋರ್ಸ್ ಶೀಟ್‌ನಲ್ಲಿ ಎಲ್ಲರನ್ನೂ ಬರೆದು, ಆಪ್ಶನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಹೊಸ ರಿಸೋರ್ಸ್‌ಗಳನ್ನು ತಾನಾಗಿ ಸೇರಿಸುವ ಆಯ್ಕೆಯನ್ನು ತೆಗೆದುಹಾಕಿ. ಹಲವು ಟಾಸ್ಕ್‌ಗಳನ್ನು ಒಟ್ಟುಗೂಡಿಸುವ ಸಮ್ಮರಿ ಟಾಸ್ಕ್‌ಗೆ ಯಾರನ್ನೂ ನೇಮಿಸಬೇಡಿ. ಒಳಗಿನ ಟಾಸ್ಕ್‌ಗಳ ಗಂಟೆಯ ಮೇಲೆ ಅದರ ಗಂಟೆಯೂ ಸೇರಿ ಲೆಕ್ಕ ಉಬ್ಬುತ್ತದೆ.

ಮೂವರು ಒಂದೇ ತರದ ಬಡಗಿಗಳಿದ್ದರೆ ‘ಬಡಗಿಗಳು’ ಎಂಬ ಒಂದೇ ಸಾಲಿಗೆ ಮ್ಯಾಕ್ಸ್ ಯೂನಿಟ್ಸ್ (ಒಟ್ಟು ಸಿಗುವ ಆಳಿನ ಮಿತಿ) 300% ಕೊಡಬಹುದು. ಅನುಕೂಲವೇನೋ ಹೌದು, ಆದರೆ ಅವರಲ್ಲಿ ಒಬ್ಬನ ರಜೆಯನ್ನು ಕ್ಯಾಲೆಂಡರ್‌ನಲ್ಲಿ ಹಾಕಲು ಆಗುವುದಿಲ್ಲ, ಹಾಕಿದರೆ ಮೂವರಿಗೂ ರಜೆ.

ಈಗ ಕೆಂಪು ಗುರುತು. ಯಾವುದೇ ಒಂದು ಕ್ಷಣದಲ್ಲಿ ಬೇಡಿಕೆ ಮ್ಯಾಕ್ಸ್ ಯೂನಿಟ್ಸ್ ದಾಟಿದರೆ ಅದು ಏಳುತ್ತದೆ. ಬೆಳಗ್ಗೆ 8ಕ್ಕೆ ಶುರುವಾಗುವ ತಲಾ 1 ಗಂಟೆಯ ಎರಡು ಟಾಸ್ಕ್‌ಗಳು ಒಬ್ಬನ ಹೆಸರಲ್ಲೇ ಇದ್ದರೆ ಸಾಕು, ದಿನದ ಒಟ್ಟು ಕೆಲಸ 2 ಗಂಟೆಯೇ ಆದರೂ ಕೆಂಪು. ಲೆವೆಲಿಂಗ್ ಆಪ್ಶನ್ಸ್‌ನಲ್ಲಿ ಮಾತ್ರ ಮೊದಲೇ ಇರುವುದು ಡೇ ಬೈ ಡೇ. ಅದು ದಿನದ ಮೊತ್ತವನ್ನು ನೋಡಿ, 8ರಲ್ಲಿ 2 ಗಂಟೆ ತಾನೆ ಎಂದು ಮುಟ್ಟದೆ ಬಿಡುತ್ತದೆ. ನಿಮ್ಮಲ್ಲಿ ಗುರುತು ಹೋಗದಿರುವುದಕ್ಕೆ ಇದೇ ಕಾರಣವಿರಬಹುದು. ರಿಸೋರ್ಸ್ ಯೂಸೇಜ್ ನೋಟದಲ್ಲಿ ಅವನ ಆ ದಿನದ ಒಟ್ಟು ಗಂಟೆ ನೋಡಿ. ಮೊತ್ತ 8ರೊಳಗಿದ್ದರೆ ಸುಮ್ಮನೆ ಬಿಟ್ಟುಬಿಡಿ. ಅವರ್ ಬೈ ಅವರ್‌ಗೆ ಬದಲಿಸಿ ಗುರುತನ್ನು ಓಡಿಸಬಹುದು, ಆದರೆ ಅರ್ಧ ಗಂಟೆಯ ತಿಕ್ಕಾಟಕ್ಕೂ ಟಾಸ್ಕ್‌ಗಳು ಚೂರುಚೂರಾಗಿ ಸರಿಯುತ್ತವೆ.

ಲೆವೆಲಿಂಗ್ ಕೆಲಸಗಾರನನ್ನು ಬದಲಿಸುವುದಿಲ್ಲ, ಟಾಸ್ಕ್ ಅನ್ನು ತಡಮಾಡುತ್ತದೆ ಅಥವಾ ಸೀಳುತ್ತದೆ, ಅಷ್ಟೆ. ಆದ್ದರಿಂದ ಲೆವೆಲ್ ಆಲ್ ಒತ್ತುವ ಮುಂಚೆ ಫೈಲ್‌ನ ಪ್ರತಿ ಇಟ್ಟುಕೊಳ್ಳಿ. ಕದಲಬಾರದ ಟಾಸ್ಕ್‌ಗೆ ಪ್ರಯಾರಿಟಿ 1000 ಕೊಟ್ಟರೆ ಅದನ್ನು ಮುಟ್ಟುವುದಿಲ್ಲ, ಉಳಿದವು 500ರಲ್ಲಿರುತ್ತವೆ. ಬಂದ ಫಲ ಹಿಡಿಸದಿದ್ದರೆ ಕ್ಲಿಯರ್ ಲೆವೆಲಿಂಗ್ ಇದೆ.

ಕೆಲಸ ಶುರುವಾದ ಮೇಲೆ ಆಳು ಬದಲಾಯಿಸುವುದು ಇನ್ನೊಂದು ಬಗೆ. ಮೊದಲನೆಯ ಪೇಂಟರ್ 24 ಗಂಟೆ ಮುಗಿಸಿ ಹೋದ ಎಂದಿಟ್ಟುಕೊಳ್ಳಿ. ಅವನ ಹೆಸರನ್ನು ಅಳಿಸಿದರೆ ದಾಖಲಾದ 24 ಗಂಟೆಯೂ ಅವನ ಜೊತೆಗೇ ಹೋಗುತ್ತದೆ. ಅಳಿಸಬೇಡಿ. ಎಫರ್ಟ್ ಡ್ರಿವನ್ ಆಫ್ ಮಾಡಿ, ಟಾಸ್ಕ್ ಯೂಸೇಜ್ ನೋಟದಲ್ಲಿ ಅವನ ರಿಮೇನಿಂಗ್ ವರ್ಕ್ (ಉಳಿದ ಕೆಲಸ) ಅನ್ನು 0 ಮಾಡಿ, ಹೊಸಬನನ್ನು ಸೇರಿಸಿ ಅವನ ಸಾಲಿನಲ್ಲಿ ಉಳಿದ 40 ಗಂಟೆ ಬರೆಯಿರಿ. ಹೊಸಬನ ಸ್ಟಾರ್ಟ್ ದಿನಾಂಕವನ್ನೂ ಒಮ್ಮೆ ನೋಡಿ. ಅದು ಟಾಸ್ಕ್‌ನ ಮೊದಲ ದಿನಕ್ಕೇ ಹೋಗಿ ಕೂತಿದ್ದರೆ, ಅವನು ಬಂದ ದಿನಕ್ಕೆ ಕೈಯಾರೆ ಸರಿಪಡಿಸಬೇಕು.