‘ಕೆಲಸ ಜಾಸ್ತಿ’ ಅಂತ ಆರ್‌ಟಿಐ ಅರ್ಜಿ ತಿರಸ್ಕರಿಸಬಹುದಾ?

ಪಂಚಾಯಿತಿಯ ಐದು ವರ್ಷದ ಬಿಲ್ಲು, ವೋಚರುಗಳ ನಕಲು ಕೇಳಿದ್ದೀರಿ. ‘ಮಾಹಿತಿ ಬೃಹತ್ ಪ್ರಮಾಣದಲ್ಲಿದೆ, ಕಲಂ 7(9)ರಂತೆ ತಿರಸ್ಕರಿಸಿದೆ’ ಅಂತ ಹಿಂಬರಹ ಬಂದಿದೆ. ಇದು ಸರಿಯಾ ಅನ್ನೋದು ನಿಮ್ಮ ಪ್ರಶ್ನೆ. ಸರಿಯಲ್ಲ. ಇಂಥದ್ದೇ ಒಂದು ಹಿಂಬರಹ ನನಗೂ ಬಂದಿತ್ತು. ಹಾಗಾಗಿ ಈ ಕಲಂ ನನಗೆ ಬಾಯಿಪಾಠ.

2005ರ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯಲ್ಲಿ ಮಾಹಿತಿ ನಿರಾಕರಿಸುವ ಕಾರಣಗಳು 8 ಮತ್ತು 9ನೇ ಕಲಂಗಳಲ್ಲಿವೆ. ಕೆಲಸ ಜಾಸ್ತಿ ಅನ್ನೋದು ಅಲ್ಲಿಲ್ಲ. 7(9) ಮಾತಾಡೋದು ಮಾಹಿತಿ ಕೊಡುವ ರೂಪದ ಬಗ್ಗೆ. ಕೇಳಿದ ರೂಪದಲ್ಲೇ ಕೊಡಲು ಹೋದರೆ ಕಚೇರಿಯ ಜನ, ಸಮಯ ವಿಪರೀತ ಖರ್ಚಾಗುವಂತಿದ್ದರೆ, ಅಥವಾ ದಾಖಲೆಗೇ ಹಾನಿಯಾಗುವಂತಿದ್ದರೆ, ಅದೇ ರೂಪದಲ್ಲಿ ಕೊಡಬೇಕಿಲ್ಲ. ಅಷ್ಟೇ. ಬಾಳೆಎಲೆ ಇಲ್ಲದಿದ್ದರೆ ತಟ್ಟೆಯಲ್ಲಿ ಬಡಿಸಬಹುದು, ಊಟವೇ ಇಲ್ಲ ಅನ್ನುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಖರ್ಚಿನ ಮಿತಿ ಇದೆ. ಕೇಂದ್ರ ಸರ್ಕಾರದ ಇಲಾಖೆಗೆ 600 ಪೌಂಡ್ ಮೀರುವಂತಿದ್ದರೆ ಅರ್ಜಿಯನ್ನೇ ನಿರಾಕರಿಸಬಹುದು. ನಮ್ಮ ಕಾಯ್ದೆಯಲ್ಲಿ ಅಂಥ ಮಿತಿ ಇಲ್ಲ.

ಆದರೆ ಅಧಿಕಾರಿಗಳ ಕೈಯೂ ಖಾಲಿಯಿಲ್ಲ. ಸಿಬಿಎಸ್‌ಇ ಉತ್ತರ ಪತ್ರಿಕೆಯ ಕೇಸಿನಲ್ಲಿ (2011) ಸುಪ್ರೀಂ ಕೋರ್ಟ್, ಶೇ 75ರಷ್ಟು ಸಿಬ್ಬಂದಿ ಶೇ 75ರಷ್ಟು ಸಮಯವನ್ನು ಮಾಹಿತಿ ಕೊಡುವುದರಲ್ಲೇ ಕಳೆಯುವಂತಾಗಬಾರದು ಎಂದಿತ್ತು. ಅದನ್ನೇ ಎತ್ತಿ ತೋರಿಸುತ್ತಾರೆ. ಇರುವ ದಾಖಲೆ ಕೊಟ್ಟರೆ ಸಾಕು, ಹೊಸದಾಗಿ ಪಟ್ಟಿ ತಯಾರಿಸಬೇಕಿಲ್ಲ ಅಂತಲೂ ಅದೇ ತೀರ್ಪು ಹೇಳಿದೆ. ಜೊತೆಗೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಇಲ್ಲಿ ಎಡವುವವರೇ ಜಾಸ್ತಿ.

ನಾನಾಗಿದ್ದರೆ ನಕಲು ಬಿಟ್ಟು ಕಡತ ಪರಿಶೀಲನೆ ಕೇಳುತ್ತಿದ್ದೆ. 2(ಜೆ) ಕಲಂ ಆ ಹಕ್ಕು ಕೊಡುತ್ತದೆ. ಕಡತ ನೋಡಲು ಬರುತ್ತೇನೆ ಅಂದರೆ ‘ಜೆರಾಕ್ಸ್ ಮಾಡಲು ಜನ ಇಲ್ಲ’ ಅನ್ನುವ ನೆಪ ಅಲ್ಲಿಗೇ ಮುಗಿಯಿತು, ಅಲ್ವಾ? ನಾನು ಹಾಗೇ ಮಾಡಿದೆ. ಧೂಳು ಹಿಡಿದ ನಾಲ್ಕು ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದರು. ಮಧ್ಯಾಹ್ನದವರೆಗೆ ತಿರುವಿ ಹಾಕಿದೆ. ನಿಜಕ್ಕೂ ಬೇಕಿದ್ದದ್ದು ಹನ್ನೊಂದು ಪುಟ. ಪುಟಕ್ಕೆ 2 ರೂಪಾಯಿ ಕೊಟ್ಟು ತಂದೆ. ಮೊದಲ ಅರ್ಜಿಯಲ್ಲಿ ಸುಮ್ನೆ ‘ಎಲ್ಲಾ ಕೊಡಿ’ ಅಂದಿದ್ದು ನನ್ನದೇ ತಪ್ಪು.

ಈಗ ಬಂದಿರುವ ಹಿಂಬರಹದ ಮೇಲೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಯಾರಿಗೆ ಹಾಕಬೇಕು ಅಂತ ಅದರಲ್ಲೇ ಬರೆದಿರಬೇಕು. ಬರೆದಿಲ್ಲದಿದ್ದರೆ ಅದನ್ನೂ ಒಂದು ದೂರಾಗಿ ಸೇರಿಸಿ. ಅಂಚೆಯಲ್ಲಿ ಬಂದಿದ್ದರೆ ಕವರು ಬಿಸಾಡಬೇಡಿ, ಮುದ್ರೆಯ ತಾರೀಖು ಬೇಕಾಗುತ್ತದೆ.