ಗಂಟು ಮುಟ್ಟಿ ನೋಡಿದವರಾರು?

ಚಿತ್ರದುರ್ಗದ ಓದುಗರೊಬ್ಬರ ಪತ್ರ: ‘ಎಂಟು ವರ್ಷದ ಮಗಳ ಕತ್ತಿನ ಹಿಂದೆ ಕಡಲೆಕಾಳಿನಷ್ಟು ಎರಡು ಗಂಟು. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಅನ್ನುತ್ತದೆ. ಡಾಕ್ಟರು ಮುಟ್ಟಿಯೂ ನೋಡದೆ ಸ್ಕ್ಯಾನಿಂಗಿಗೆ ಬರೆದರು. ಮೂರು ರಾತ್ರಿ ನಿದ್ದೆಯಿಲ್ಲ.’

ಅಲ್ಲ ತಾಯೀ, ಮೂರು ರಾತ್ರಿ ಮೊಬೈಲು ನೋಡಿದಿರಿ, ಮಗಳ ತಲೆ ನೋಡಿದಿರಾ? ಸಿಟ್ಟಾಗಬೇಡಿ. ನೆತ್ತಿಯ ಚರ್ಮದಿಂದ ಹರಿಯುವ ದುಗ್ಧರಸ, ಅಂದರೆ ಮೈಯೊಳಗಿನ ತಿಳಿ ದ್ರವ, ಸೋಸಿಹೋಗುವುದು ನೀವು ಗಂಟು ಅನ್ನುವ ಕತ್ತಿನ ಹಿಂದಿನ ಆ ಗ್ರಂಥಿಗಳಲ್ಲೇ. ಹೇನು, ಕಜ್ಜಿ, ಕೆರೆದ ಗಾಯ ಇದ್ದರೆ ಅವು ಊದುತ್ತವೆ. ಹುಳುಕು ಹಲ್ಲಿಗೆ ದವಡೆಯ ಕೆಳಗೆ, ಕಾಲಿನ ಗಾಯಕ್ಕೆ ತೊಡೆಸಂದಿಯಲ್ಲಿ. ಕೊನೇ ತೂಬಿಗೆ ನೀರು ಬಾರದಿದ್ದರೆ ನಮ್ಮ ದಾವಣಗೆರೆ ಸೀಮೆಯ ರೈತ ಭದ್ರಾ ಚಾನಲ್ಲಿನ ಏರಿ ಹಿಡಿದು ಮೇಲಕ್ಕೆ ನಡೆಯುತ್ತಾನಲ್ಲ, ಗಂಟು ಕಂಡಾಗಲೂ ಅದೇ ದಾರಿ.

ನಾನು ಹುಡುಗನಾಗಿದ್ದಾಗ ತೊಡೆಸಂದಿಯಲ್ಲಿ ಗಡ್ಡೆ ಎದ್ದು ಕುಂಟುತ್ತಿದ್ದೆ. ಅಜ್ಜಿ ಸುಣ್ಣ ಬೆಲ್ಲ ಕಲಸಿ ಹಚ್ಚಿದ್ದಳು. ಹಳೇಪೇಟೆಯ ವೈದ್ಯರು ಗಡ್ಡೆಯನ್ನು ಎರಡು ಬೆರಳಲ್ಲಿ ಹಿಡಿದು ಜಾರಿಸಿ, ‘ಪಾದ ತೋರಿಸೋ’ ಅಂದರು. ಹಿಮ್ಮಡಿಯಲ್ಲಿ ಮುರಿದ ಜಾಲಿಮುಳ್ಳು, ಸುತ್ತ ಕೀವು. ಫೀಜು ಎರಡು ರೂಪಾಯಿ.

ಸ್ಕ್ಯಾನಿಂಗ್ ಬೇಡವೆನ್ನುತ್ತಿಲ್ಲ. ಹಿಂದಿನವರು ಗಂಡಮಾಲೆ ಅನ್ನುತ್ತಿದ್ದ ಕತ್ತಿನ ಕ್ಷಯ ಇಂದು ಸೂಜಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಸಾಮಾನ್ಯವಾಗಿ 6 ತಿಂಗಳ ಮಾತ್ರೆಗೆ ವಾಸಿಯಾಗುತ್ತದೆ, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಒಪ್ಪಿದೆ. ಆದರೆ ಮೊದಲ ಪರೀಕ್ಷೆ ಬೆರಳಿನದು. ಮೆತ್ತಗಿದ್ದು, ಒತ್ತಿದರೆ ಜಾರಿ, ನೋಯುವ ಗಂಟು ಹೆಚ್ಚಾಗಿ ಸೋಂಕಿನದು, 2–4 ವಾರದಲ್ಲಿ ಇಳಿಯುತ್ತದೆ. ಕಲ್ಲಿನಂತೆ ಗಟ್ಟಿ, ಅಂಟಿ ಕೂತದ್ದು, ಕೊರಳ ಬುಡದ ಮೂಳೆಯ ಮೇಲೆದ್ದದ್ದು, ಇಲ್ಲವೇ ಗಂಟಿನ ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು ಇದ್ದರೆ ಒಂದು ದಿನವೂ ಕಾಯಬಾರದು. ಮಂಡಕ್ಕಿ ಭಟ್ಟಿಯ ನನ್ನ ಗೆಳೆಯನೊಬ್ಬ, ಗುಟ್ಕಾ ಬಾಯಿ, ದವಡೆ ಕೆಳಗಿನ ಗಂಟಿಗೆ ‘ನೋವೇ ಇಲ್ಲ ಬಿಡ್ರೀ’ ಅನ್ನುತ್ತ ಐದು ತಿಂಗಳು ಮಫ್ಲರ್ ಸುತ್ತಿ ತಿರುಗಿದ. ನೋವಿಲ್ಲದ್ದಕ್ಕೇ ಹೆದರಬೇಕಿತ್ತು.

ಮುಟ್ಟುವುದೇ ಮರೆತುಹೋಗಿದೆ, ಏನು ಮಾಡೋಣ! ಬದನೆಕಾಯಿ ಒತ್ತಿ ನೋಡದೆ ಕೊಳ್ಳದ ಊರಿನವರು ಈಗ ಪ್ಲಾಸ್ಟಿಕ್ ಪೊಟ್ಟಣ ಎತ್ತಿಕೊಳ್ಳುತ್ತೇವೆ. ಬ್ಯಾಂಕಿನವನು ಮುಖ ನೋಡುವುದಿಲ್ಲ. ಡಾಕ್ಟರ ಹತ್ತೂ ಬೆರಳು ಕೀಲಿಮಣೆಯ ಮೇಲೆ.

ಚೀಟಿ ಬರೆದ ಡಾಕ್ಟರ ಹತ್ತಿರವೇ ಮತ್ತೆ ಹೋಗಿ, ‘ಒಮ್ಮೆ ಮುಟ್ಟಿ ನೋಡಿ ಸಾರ್’ ಅನ್ನಿ. ನೀವು ಮಾತ್ರ ದಿನಕ್ಕೆ ಹತ್ತು ಸಲ ಹಿಸುಕಬೇಡಿ. ಅದಕ್ಕೂ ಮೊದಲು ಇವತ್ತು ಸಂಜೆ ಮಗಳನ್ನು ಬೆಳಕಿಗೆ ಕೂರಿಸಿಕೊಂಡು ಹೇನು ಬಾಚಣಿಗೆ ಆಡಿಸಿ.