ಹಿತ್ತಲಿಗೆ ನುಗ್ಗುವ ಕಾಡುಕುರಿ

ಪ್ರಶ್ನೆ: ಅಕ್ಕಾ, ನಮ್ಮ ಮನೆ ಕಾಡಂಚಿನಲ್ಲಿದೆ. ಬೆಳಗಾಗುವುದರೊಳಗೆ ಅಲಸಂದೆ ಕುಡಿ, ಹರಿವೆ, ದಾಸವಾಳದ ಚಿಗುರು ಎಲ್ಲಾ ಖಾಲಿ. ಮುಳ್ಳಿನ ಬೇಲಿ ಇದೆ, ಹಳೆ ಸೀರೆಯನ್ನೂ ಸುತ್ತಿದ್ದೇನೆ. ಜಿಂಕೆ ಕಾಟ, ಮೀನುಬಲೆ ಕಟ್ಟಿ ಅಂತಾರೆ. ಕಟ್ಟಲಾ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂಗಿ, ಮೀನುಬಲೆ ಮಾತ್ರ ಬೇಡವೇ ಬೇಡ. ಕೊಂಬು ಸಿಕ್ಕಿಕೊಂಡರೆ ಪಾಪದ ಪ್ರಾಣಿ ಒದ್ದಾಡಿ ಒದ್ದಾಡಿ ಸಾಯುತ್ತದೆ. ಕೇರೆಹಾವೂ ಸಿಕ್ಕಿಬೀಳುತ್ತದೆ. ಹಿತ್ತಲಿನ ಇಲಿ ಹಿಡಿಯುವುದು ಅದೇ ಕೇರೆ ಅಲ್ವಾ?

ಮೊದಲು ಬಂದವರು ಯಾರು ಅಂತ ನೋಡಿ. ತಿಂದುಳಿದ ಕುಡಿಯ ತುದಿಯನ್ನು ಬೆಳಕಿಗೆ ಹಿಡಿಯಿರಿ. ಮೊಲವಾದರೆ ಕತ್ತಿಯಲ್ಲಿ ಕೊಯ್ದ ಹಾಗೆ ಓರೆಯಾಗಿ, ನುಣ್ಣಗೆ ತುಂಡಾಗಿರುತ್ತದೆ. ಜಿಂಕೆ ಜಾತಿಗೆ ಮೇಲಿನ ಬಾಚಿಹಲ್ಲೇ ಇಲ್ಲ. ಕಚ್ಚಿ ಎಳೆಯುತ್ತವೆ, ಹಾಗಾಗಿ ತುದಿ ಹರಿದು ನಾರು ನಾರಾಗಿರುತ್ತದೆ. ಆಮೇಲೆ ಎತ್ತರ ನೋಡಿ. ಸೊಂಟದಿಂದ ಮೇಲಿನ ಚಿಗುರು ಉಳಿದಿದ್ದು, ಹಸಿ ಮಣ್ಣಿನಲ್ಲಿ ಪುಟ್ಟ ಗೊರಸಿನ ಗುರುತಿದ್ದರೆ ಅದು ಕಾಡುಕುರಿ. ಹೆಸರು ಕುರಿಯಾದರೂ ಅದು ಜಿಂಕೆ ಜಾತಿಯ ಪುಟ್ಟ ಪ್ರಾಣಿ. ತಲೆಯೆತ್ತರದ ಕೊಂಬೆಯೂ ಬೋಳಾಗಿದ್ದರೆ ಕಡವೆ.

ನಿಮ್ಮಲ್ಲಿಗೆ ಬರುವುದು ಕಾಡುಕುರಿ ಅಂತಲೇ ನನಗನ್ನಿಸುತ್ತದೆ. ಸಂಜೆ ಕಾಡಿನ ಕಡೆಯಿಂದ ನಾಯಿ ಬೊಗಳಿದಂಥ ಕೂಗು ಕೇಳುತ್ತಿರಬೇಕು, ಗಮನಿಸಿ. ಬೇಲಿ ಹಾರುವುದಕ್ಕಿಂತ ಕೆಳಗಿನ ಕಂಡಿಯಲ್ಲಿ ನುಸುಳುವುದೇ ಅದಕ್ಕೆ ಸಲೀಸು. ಸೀರೆಗೆ ನಾಲ್ಕು ದಿನ ಹೆದರುತ್ತದೆ, ಆಮೇಲೆ ಕ್ಯಾರೇ ಅನ್ನುವುದಿಲ್ಲ.

ಇಡೀ ಹಿತ್ತಲಿಗೆ ಖರ್ಚು ಮಾಡಬೇಡಿ. ತರಕಾರಿ ಮಡಿಗಳ ಸುತ್ತ ಮಾತ್ರ 5 ಅಡಿ ಎತ್ತರದ ತಂತಿ ಜಾಲರಿ ಹಾಕಿಸಿ. ಕಣ್ಣು 3 ಇಂಚಿಗಿಂತ ದೊಡ್ಡದಿರಬಾರದು. ಜಾಲರಿಯ ಬುಡವನ್ನು ಒಂದಡಿ ಹೊರಗಡೆಗೆ ಮಡಚಿ ನೆಲದ ಮೇಲೆ ಹಾಸಿ, ಕಲ್ಲು ಹೇರಿ. ಹುಲ್ಲು ಬೆಳೆದು ಅದೇ ಬಿಗಿಯಾಗುತ್ತದೆ. ಕೆಲಸ ಮಾಡುವುದು ಈ ಮಡಿಕೆಯೇ. ಎಷ್ಟೋ ಜನ ಇದನ್ನು ಬಿಟ್ಟು, ದುಡ್ಡು ಹಾಕಿಯೂ ಗಿಡ ಕಳೆದುಕೊಳ್ಳುತ್ತಾರೆ. ಗೂಟಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಸಾಕು, ಮಧ್ಯೆ ಮಧ್ಯೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಟ್ಟರೆ ದಬ್ಬೆ ಲಡ್ಡಾಗಿ ಮುರಿಯುವ ಹೊತ್ತಿಗೆ ಅದು ಚಿಗುರಿ ನಿಂತಿರುತ್ತದೆ. ಕಡವೆಯಾದರೆ 5 ಅಡಿ ಸಾಲದು, 6 ಅಡಿಗಿಂತ ಮೇಲೆಯೇ ಬೇಕು.

ಕೊಳೆತ ಮೊಟ್ಟೆ ನೀರಿಗೆ ಬೆರೆಸಿ ಚಿಮುಕಿಸುವುದು ಬೇಸಿಗೆಯಲ್ಲಿ ನಡೆಯುತ್ತದೆ. ನಮ್ಮ ಮಲೆನಾಡಿನ ಮಳೆಗೆ ಒಂದು ರಾತ್ರಿಯೂ ನಿಲ್ಲುವುದಿಲ್ಲ. ಬೇಲಿಯ ಹೊರಸಾಲಿಗೆ ಮಜ್ಜಿಗೆ ಹುಲ್ಲು (ನಿಂಬೆಹುಲ್ಲು), ಅರಿಶಿನ ಹಾಕಿ. ವಾಸನೆಯ ಗಿಡಕ್ಕೆ ಅವು ಬಾಯಿ ಹಾಕುವುದು ಕಡಿಮೆ.

ಯಾರಾದರೂ ಉರುಳು ಇಡು, ಕರೆಂಟು ಬಿಡು ಅಂದರೆ ಕಿವಿಗೇ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಆ ತಂತಿ ಮುಟ್ಟುವುದು ನಿಮ್ಮ ಮನೆಯ ಮಗುವೋ ಕರುವೋ ಆಗಬಹುದು.

ಉಣುಗೋಲಿನ, ಅಂದರೆ ಗಳು ಸರಿಸಿ ದಾಟುವ ಬೇಲಿಬಾಗಿಲಿನ, ಗಳುಗಳ ನಡುವಿನ ಜಾಗಕ್ಕೂ ಜಾಲರಿ ಕಟ್ಟಿಸಿ. ಸಂಜೆ ದನ ಕೊಟ್ಟಿಗೆಗೆ ಬಂದ ಕೂಡಲೇ ಉಣುಗೋಲು ಹಾಕಿಬಿಡಿ, ಕಾಡುಕುರಿ ಹೊರಡುವುದು ಅದೇ ಹೊತ್ತಿಗೆ.